ಮೊಟ್ಟೆ ನಿಲ್ಲಿಸಿದ ಕೋಳಿಗಳು: ಪಶುವೈದ್ಯರಿಗೆ ಕೇಳಿ

(ಕೋಳಿ ಸಾಕುವವರ ಗುಂಪಿನ ಮಾತುಕತೆ. ಕೇಳುವವರ ಹೆಸರಿನ ಬದಲು ಅವರ ಊರು ಇದೆ.)

ಸಾಗರ: ಡಾಕ್ಟ್ರೇ, ನಮ್ಮ ನಾಟಿ ಕೋಳಿಗೆ 4 ವರ್ಷ. ಮೊಟ್ಟೆ ಅಪರೂಪ ಆಗಿದೆ. ಕಾಯಿಲೆನಾ?

ಡಾಕ್ಟರ್: ಚುರುಕಾಗಿ ಓಡಾಡುತ್ತಿದ್ದರೆ ಕಾಯಿಲೆ ಅಲ್ಲ, ವಯಸ್ಸು. 2 ವರ್ಷ ದಾಟಿದ ಮೇಲೆ ಮೊಟ್ಟೆ ಇಳಿಯುತ್ತಾ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡರೆ 8 ವರ್ಷ ಬದುಕುವ ಕೋಳಿಗಳಿವೆ.

ತಿಪಟೂರು: ನಮ್ಮ ಗಿರಿರಾಜ ಹೇಂಟೆಗೆ 6 ವರ್ಷ, ಹೆಸರು ಕೆಂಪಿ. ಹೊಟ್ಟೆ ಊದಿದೆ. ಕಾಲು ಅಗಲಿಸಿ ನೆಟ್ಟಗೆ ನಿಲ್ಲುತ್ತಾಳೆ. ಮೊಟ್ಟೆ ನಿಂತು ವರ್ಷವಾಯಿತು. ಮನೆಯಲ್ಲಿ ಎಲ್ಲರೂ ಕುಯ್ದುಬಿಡು ಅಂತಾರೆ. ನನ್ನ ಕೈಲಿ ಆಗಲ್ಲ.

ಡಾಕ್ಟರ್: ಹೊಟ್ಟೆ ಗಟ್ಟಿಯಾ, ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಾ? ಜುಟ್ಟಿನ ಬಣ್ಣ ಏನು?

ತಿಪಟೂರು: ಮೆತ್ತಗೆ. ಕೆಳಗೆ ಪುಕ್ಕ ಉದುರಿ ಚರ್ಮ ಕೆಂಪಾಗಿದೆ. ಜುಟ್ಟು ಬಿಳಚಿಕೊಂಡು ತುದಿ ನೀಲಿಯಾಗಿದೆ.

ಡಾಕ್ಟರ್: ಆ ನೀಲಿ ನನಗೆ ಚಿಂತೆ ತರುತ್ತಿದೆ. ನಮಗಿರುವ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಪರದೆ ಕೋಳಿಗಿಲ್ಲ. ಉಸಿರಾಟದ ಗಾಳಿಚೀಲಗಳು ಹೊಟ್ಟೆಯವರೆಗೂ ಇರುತ್ತವೆ. ನೀರು ತುಂಬಿದರೆ ಅವು ಅದುಮಿಹೋಗಿ ಉಸಿರು ಸಾಲುವುದಿಲ್ಲ. ಕಾರಣ ಹಲವು ಇರಬಹುದು. ಮೊಟ್ಟೆ ಹೊರಗೆ ಬರದಿದ್ದರೂ ಒಳಗೆ ಹಳದಿ ತಯಾರಾಗುತ್ತಿರಬಹುದು. ಅದು ಮೊಟ್ಟೆಯ ನಾಳಕ್ಕೆ ಹೋಗದೆ ಹೊಟ್ಟೆಯೊಳಗೆ ಬಿದ್ದರೆ ಸೋಂಕಾಗುತ್ತದೆ. ಇಲ್ಲವೇ ಅಂಡಾಶಯದಲ್ಲಿ ಗಡ್ಡೆ. ವಯಸ್ಸಾದ ಹೇಂಟೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇವೆ. ಲಿವರ್, ಹೃದಯ ಕೆಟ್ಟರೂ ಹೀಗಾಗುತ್ತದೆ. ಸೂಜಿ ಹಾಕಿ ನೀರು ತೆಗೆದರೆ ಉಸಿರು ಹಗುರಾಗುತ್ತದೆ. ಆದರೆ ಪಶುವೈದ್ಯರೇ ತೆಗೆಯಬೇಕು, ಒಂದೇ ಸಲ ಪೂರ್ತಿ ತೆಗೆದರೆ ಜೀವಕ್ಕೆ ಅಪಾಯ. ನೀರು ಮತ್ತೆ ತುಂಬುವ ಸಾಧ್ಯತೆ ಜಾಸ್ತಿ, ಇದು ತಿಳಿದಿರಲಿ. ಮೇವು ಬಿಟ್ಟು, ಕೆದಕುವುದು ಬಿಟ್ಟು, ಬಾಯಿ ತೆರೆದು ಉಸಿರಾಡುತ್ತಾ ಕೂತರೆ ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ ಬಗ್ಗೆ ಕೇಳಿ. ಅದೂ ಆರೈಕೆಯೇ.

ಹೊಸಕೋಟೆ: ಮೇಡಂ, ಒಂದು ಫಾರ್ವರ್ಡ್ ಬಂದಿದೆ. ಬೆಳ್ಳುಳ್ಳಿ ರಸಕ್ಕೆ ಎರಡು ಹನಿ ಸೀಮೆಎಣ್ಣೆ ಹಾಕಿ ಕುಡಿಸಿದರೆ ಹೊಟ್ಟೆ ಇಳಿಯುತ್ತಂತೆ.

ಡಾಕ್ಟರ್: ಬೇಡ. ಸೀಮೆಎಣ್ಣೆ ಶ್ವಾಸಕ್ಕೆ ಹೋದರೆ ಕೋಳಿ ಉಳಿಯುವುದಿಲ್ಲ. ಯಾರೂ ಮಾಡಬೇಡಿ.

ಹೊಸಕೋಟೆ: ನಮ್ಮಜ್ಜಿ ಕಾಲದಿಂದ ಮಾಡ್ತಿದ್ದಾರೆ.

ಯಲಹಂಕ: ಅಜ್ಜಿ ಕಾಲದಲ್ಲಿ 6 ವರ್ಷ ಕೋಳಿ ಸಾಕ್ತಿದ್ರಾ ಅಣ್ಣ? ಹಬ್ಬಕ್ಕೆ ಮುಗೀತಿತ್ತು.

ಹೊಸಕೋಟೆ: ಅಜ್ಜಿ ವಿಷಯ ಎತ್ತಬೇಡಿ.

ಮಂಡ್ಯ: ಮೊಟ್ಟೆ ಇಡದ ಕೋಳಿಗೆ ಮೇವು ದಂಡ ಅಲ್ವಾ?

ಯಲಹಂಕ: ನಿಮಗೆ ದಂಡ ಅನ್ನಿಸಿದರೆ ಈ ಗುಂಪಿನಲ್ಲಿ ಯಾಕಿದ್ದೀರಿ?

ಧಾರವಾಡ: ನನ್ನ ಹತ್ತಿರ ಒಂದೇ ಮುದಿ ಕೋಳಿ ಉಳಿದಿದೆ. ಒಂಟಿಯಾಗಿ ಮಂಕಾಗಿದೆ. ಜೊತೆಗೆ ಮರಿ ತಂದರೆ ಹೊಂದಿಕೊಳ್ಳುತ್ತಾ?

ಮಂಡ್ಯ: ಕೇಳೋದೂ ತಪ್ಪಾ? ಸಾಕೋರಿಗೆ ಖರ್ಚು ಗೊತ್ತು.

ಹಾಸನ: ಮೊಟ್ಟೆ ಮತ್ತೆ ಶುರುವಾಗೋಕೆ ಏನು ಕೊಡಬೇಕು ಡಾಕ್ಟ್ರೇ? ಲೇಯರ್ ಫೀಡ್ ಜಾಸ್ತಿ ಮಾಡಲಾ?

ಡಾಕ್ಟರ್: ಮಾಡಬೇಡಿ. ಲೇಯರ್ ಫೀಡಿನಲ್ಲಿ ಸುಮಾರು 4% ಕ್ಯಾಲ್ಸಿಯಂ ಇರುತ್ತದೆ, ಅದು ಮೊಟ್ಟೆಯ ಚಿಪ್ಪಿಗಾಗಿ. ಮೊಟ್ಟೆ ನಿಂತವಳಿಗೆ ಅದನ್ನೇ ತಿನ್ನಿಸುತ್ತಾ ಹೋದರೆ ಕಿಡ್ನಿಗೆ ಪೆಟ್ಟು. ಬೆಳೆಯುವ ಕೋಳಿಗಳಿಗೆ ಕೊಡುವ ಗ್ರೋವರ್ ಫೀಡ್ ಕೊಡಿ. ಇಡುವವು ಜೊತೆಗಿದ್ದರೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಬೇಕಾದವು ತಿನ್ನುತ್ತವೆ.

ಕೋಲಾರ: ಅಂಗಾಲಲ್ಲಿ ಕಪ್ಪು ಗಂಟು, ಕುಂಟುತ್ತಿದೆ. ಬ್ಲೇಡಲ್ಲಿ ಕುಯ್ಯಲಾ?

ಡಾಕ್ಟರ್: ಬ್ಲೇಡ್ ಮುಟ್ಟಬೇಡಿ. ಒಳಗೆ ಕೀವು ಗಟ್ಟಿಯಾಗಿರುತ್ತದೆ, ಆಸ್ಪತ್ರೆಗೆ ತೋರಿಸಿ. ಕೂರುವ ಕೋಲು ಮೊಣಕಾಲೆತ್ತರಕ್ಕಿಂತ ಕೆಳಗಿರಲಿ. ಭಾರದ ಕೋಳಿ ಎತ್ತರದಿಂದ ಹಾರಿದರೆ ಪಾದ ಕೆಡುತ್ತದೆ.

ರಾಮನಗರ: ಮೊಟ್ಟೆ ಬರೋಕೆ ಮನೆಮದ್ದು ಹೇಳಿ ಮೇಡಂ.

ಡಾಕ್ಟರ್: ಹಾಸನದವರಿಗೆ ಬರೆದದ್ದು ಓದಿ.

ಹೊಸಕೋಟೆ: ಎಲ್ಲದಕ್ಕೂ ಆಸ್ಪತ್ರೆ ಅಂದ್ರೆ ಗುಂಪು ಯಾಕೆ?

ಡಾಕ್ಟರ್: ಸೀಮೆಎಣ್ಣೆ ಕುಡಿಸೋದು ತಪ್ಪಿಸೋಕೆ. ಆ ಫಾರ್ವರ್ಡ್ ತೆಗೆಯಿರಿ.

ತಿಪಟೂರು: ಡಾಕ್ಟ್ರೇ, ಈಗ ಬಾಯಿ ತೆರೆದು ಉಸಿರಾಡ್ತಿದ್ದಾಳೆ. ಬಾಲ ಮೇಲೆ ಕೆಳಗೆ ಆಡ್ತಿದೆ. ಬೈಕಲ್ಲಿ ಕಾಲು ಹಿಡಿದು ತಗೊಂಡು ಹೋಗಲಾ?

ಡಾಕ್ಟರ್: ಕಾಲು ಹಿಡಿದು ತಲೆಕೆಳಗೆ ಮಾಡಲೇಬೇಡಿ. ನೀರೆಲ್ಲ ಎದೆಗೆ ಬಂದು ದಾರಿಯಲ್ಲೇ ಹೋಗಿಬಿಡುತ್ತಾಳೆ. ಮಂಕರಿಗೆ ಗೋಣಿಚೀಲ ಹಾಸಿ ನೆಟ್ಟಗೆ ಕೂರಿಸಿ, ಹೊಟ್ಟೆ ಅದುಮಬೇಡಿ. ಬಾಯಿಗೆ ನೀರು, ಔಷಧ ಏನೂ ಬೇಡ. ಆಟೋ ಮಾಡಿ, ಈಗಲೇ ಹೊರಡಿ.