ಕ್ವೇಕರರ ‘ಮೀಟಿಂಗ್’ಗೆ ಸಭೆ ಎನ್ನಬಹುದೇ? ಜೊತೆಗೊಂದು ನೀನು–ನೀವು ತೊಡಕು

ಬಳಗದ ಎಲ್ಲರಿಗೂ ನಮಸ್ಕಾರ.

ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಗ್ಗೆ ಒಂದು ಪರಿಚಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. (ಓಟ್ಸ್ ಡಬ್ಬಿಯ ಮೇಲಿನ ಟೋಪಿಯಜ್ಜ ನೆನಪಾದರೆ, ಆ ಹೆಸರು ಮತ್ತು ವೇಷ ಮಾತ್ರ ಇವರದು, ಕಂಪನಿಗೂ ಪಂಥಕ್ಕೂ ಸಂಬಂಧವಿಲ್ಲ.) ಮೂರು ಪದಗಳು ಎರಡು ವಾರದಿಂದ ಕಾಡುತ್ತಿವೆ.

ಮೊದಲನೆಯದು ‘ಮೀಟಿಂಗ್’. ಅವರ ಭಾನುವಾರದ ಉಪಾಸನೆಗೂ ಅದೇ ಹೆಸರು, ಊರಿನ ಬಳಗಕ್ಕೂ ಅದೇ. ಕೈಗೆ ಸಿಗುವ ಪದ ‘ಸಭೆ’. ಆದರೆ ನಮ್ಮ ಪ್ರಾಟೆಸ್ಟೆಂಟರಿಗೆ ಸಭೆ ಎಂದರೆ ಚರ್ಚ್, ಅದರ ಪಾದ್ರಿ ಸಭಾಪಾಲಕರು. ಕ್ಯಾಥೊಲಿಕರಲ್ಲಿ ಧರ್ಮಸಭೆ, ಗುರುಗಳು, ಬಲಿಪೂಜೆ. ಕ್ವೇಕರರು ಬೇಡವೆಂದು ಬಿಟ್ಟುಬಂದದ್ದು ಇವನ್ನೇ. ಹಳೆಯ ಪದ್ಧತಿಯ ಮೀಟಿಂಗಿನಲ್ಲಿ ಸುಮಾರು ಒಂದು ಗಂಟೆ ಸುಮ್ಮನೆ ಕೂರುತ್ತಾರೆ. ಹೆಂಗಸಾಗಲಿ ಗಂಡಸಾಗಲಿ, ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಯಾರಿಗೂ ಆಗದಿದ್ದರೆ ಪೂರ್ತಿ ಮೌನ. ಕೊನೆಗೆ ಪಕ್ಕದವರ ಕೈ ಕುಲುಕಿ ಏಳುತ್ತಾರೆ. ನೀರಿನ ದೀಕ್ಷಾಸ್ನಾನವಿಲ್ಲ, ರೊಟ್ಟಿ–ದ್ರಾಕ್ಷಾರಸವಿಲ್ಲ. ಅದೆಲ್ಲ ಒಳಗೇ ನಡೆಯಬೇಕಾದ್ದು ಎಂಬುದು ಅವರ ವಾದ. (ಕೀನ್ಯಾದ ಕ್ವೇಕರರಲ್ಲಿ ಪಾದ್ರಿಗಳೂ ಹಾಡುಗಳೂ ಇವೆ. ಅಲ್ಲಿಗಾದರೆ ‘ಸಭೆ’ಯೇ ಸರಿಹೋದೀತು.)

‘ಅವರು ಮೌನ ಸಭೆಯಲ್ಲಿ ಕೂತರು’ ಎಂದು ಬರೆದು ಪಕ್ಕದ ಮನೆಯ ಆಂಟಿಗೆ ಓದಿ ಹೇಳಿದೆ. ಅವರೂ ಕ್ರೈಸ್ತರೇ. ‘ಯಾರು ತೀರಿಕೊಂಡಿದ್ದರು?’ ಎಂದು ಕೇಳಿದರು! ಮೌನಾಚರಣೆ ಅಂದರೆ ನಮಗೆಲ್ಲ ಶ್ರದ್ಧಾಂಜಲಿಯೇ. ಸರಿ, ‘ಮೌನಾರಾಧನೆ’ ಎಂದು ತಿದ್ದಿದೆ. ಆಂಟಿಗೆ ಒಪ್ಪಿಗೆಯಾಯಿತು, ಅವರ ಚರ್ಚಿನಲ್ಲೂ ಭಾನುವಾರದ್ದು ಆರಾಧನೆಯೇ. ಆದರೆ ಮಂತ್ರಾಲಯಕ್ಕೆ ನಡೆದುಕೊಳ್ಳುವ ನಮ್ಮ ಮನೆಯಲ್ಲಿ ಆರಾಧನೆ ಎಂದರೆ ರಾಯರು ಬೃಂದಾವನಸ್ಥರಾದ ತಿಥಿ. ಮತ್ತೆ ಸಾವಿಗೇ ಬಂದು ನಿಂತೆ. ಸದ್ಯಕ್ಕೆ ‘ಮೌನಕೂಟ’ ಎಂದಿಟ್ಟಿದ್ದೇನೆ. ಪ್ರಾರ್ಥನಾಕೂಟ ಬಳಕೆಯಲ್ಲಿದೆಯಲ್ಲ ಎಂಬ ಧೈರ್ಯ.

ಎರಡನೆಯದು ‘ಇನ್ನರ್ ಲೈಟ್’. ‘ಅಂತರ್ಜ್ಯೋತಿ’ ಎಂದೊಡನೆ ಯೋಗ, ವೇದಾಂತ ನೆನಪಾಗುತ್ತವೆ. ‘ಆತ್ಮಸಾಕ್ಷಿ’ ತೀರಾ ಸಣ್ಣದಾಯಿತು. ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್‌ಗೆ (1624–1691) ಅದು ಪ್ರತಿಯೊಬ್ಬರಲ್ಲೂ ಇರುವ ಕ್ರಿಸ್ತನ ಬೆಳಕು, ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರುವ ಬೆಳಕು. ಪವಿತ್ರಾತ್ಮ ನಡೆಸುತ್ತದೆ ಎಂದು ಉಳಿದ ಕ್ರೈಸ್ತರೂ ನಂಬುತ್ತಾರೆ, ಆದರೆ ಬೈಬಲ್ಲನ್ನೋ ಚರ್ಚಿನ ಬೋಧನೆಯನ್ನೋ ಒರೆಗಲ್ಲಾಗಿ ಹಿಡಿಯುತ್ತಾರೆ. ಕ್ವೇಕರ್ ಲೇಖಕ ರಾಬರ್ಟ್ ಬಾರ್ಕ್ಲೇ 1676ರಲ್ಲಿ ಪವಿತ್ರಾತ್ಮವೇ ಮೊದಲು, ಬೈಬಲ್ ಅದಕ್ಕೆ ಅಧೀನ ಎಂದುಬಿಟ್ಟ. ನನ್ನ ಮತ ‘ಒಳಬೆಳಕು’ ಪದಕ್ಕೆ.

ನಿಜವಾಗಿ ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ‘ಯೂ’, ಆಳುಕಾಳುಗಳಿಗೆ ‘ದೌ’. ಒಬ್ಬನನ್ನು ಬಹುವಚನದಲ್ಲಿ ಕರೆಯುವುದು ಸುಳ್ಳು, ಮೇಲಾಗಿ ಮುಖಸ್ತುತಿ ಎಂದು ಕ್ವೇಕರರು ನ್ಯಾಯಾಧೀಶನನ್ನೂ ‘ದೌ’ ಎಂದೇ ಕರೆದರು, ಟೋಪಿಯನ್ನೂ ತೆಗೆಯಲಿಲ್ಲ. ಥಾಮಸ್ ಎಲ್‌ವುಡ್ ಎಂಬ ತರುಣ ಇದೇ ಕಾರಣಕ್ಕೆ ತಂದೆಯಿಂದ ಏಟು ತಿಂದ. ‘ದೌ’ಗೆ ‘ನೀನು’ ಎಂದು ಹಾಕಿದರೆ ವ್ಯಾಕರಣ ಸರಿ, ಏಟಿನ ಕಾರಣ ಮಾತ್ರ ಮಾಯ. ನಾವು ದೇವರಿಗೂ ನೀನು, ಅಮ್ಮನಿಗೂ ನೀನು ಅನ್ನುವವರು. ‘ಅಪ್ಪಾ, ನೀನು ಊಟ ಮಾಡಿದೆಯಾ?’ ಎಂದರೆ ಎಷ್ಟೋ ಮನೆಗಳಲ್ಲಿ ಅದು ಸಲಿಗೆ. ನ್ಯಾಯಾಲಯದಲ್ಲಿ ‘ನೀನು’ ಎಂದರೆ ಮಾತ್ರ ನಮಗೂ ಚುರುಕ್ ಎನ್ನುತ್ತದೆ.

ಒಂದು ಉಪಾಯ ಹೊಳೆದಿದೆ: ಎಲ್‌ವುಡ್ ಮನೆಯ ಉಳಿದವರೆಲ್ಲ ತಂದೆಗೆ ‘ತಾವು’ ಎನ್ನಲಿ, ಇವನೊಬ್ಬ ‘ನೀನು’ ಎನ್ನಲಿ. ಆದರೆ ‘ತಾವು ದಯಮಾಡಿಸಬೇಕು’ ಎಂದೊಡನೆ ಕಂಪನಿ ನಾಟಕದ ರಾಜ ಬಂದು ನಿಂತಂತಾಗುತ್ತದಲ್ಲ? ಮನೆಯಲ್ಲಿ ಅಪ್ಪನಿಗೆ ‘ನೀವು’ ಎಂದೇ ಹೇಳಿ ಬೆಳೆದವರು ಈ ಬಳಗದಲ್ಲಿದ್ದರೆ ತಿಳಿಸಿ: ಮಗನ ಬಾಯಲ್ಲಿ ಬರೀ ‘ನೀನು’ ಬಂದರೆ ಕಿವಿಗೆ ಸಾಕಷ್ಟು ಒರಟಾಗಿ ಕೇಳುತ್ತದೆಯೇ, ಅಥವಾ ‘ಏನಯ್ಯಾ’ ಸೇರಿಸಲೇ?