ಏಳು ತಿಂಗಳಾಯ್ತು, ಹೆಂಡತಿ ಇನ್ನೂ ನಂಬುತ್ತಿಲ್ಲ. ಇನ್ನೇನು ಮಾಡಲಿ?

ಹೆಸರು_ಬೇಡ (ವಿಜಯಪುರ)

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಮನೆ ವಿಜಯಪುರ, ಕೆಲಸ ಎರಡು ವರ್ಷ ಬೆಳಗಾವಿಯಲ್ಲಿತ್ತು. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಒಬ್ಬರ ಜೊತೆ ಸಂಬಂಧ ಬೆಳೆಯಿತು, ಹತ್ತು ತಿಂಗಳು ನಡೆಯಿತು. ಒಂದು ಶನಿವಾರ "ಯರಗಟ್ಟಿ ಹತ್ತಿರ ಬಸ್ ಕೆಟ್ಟು ನಿಂತಿದೆ" ಅಂತ ಫೋನ್ ಮಾಡಿದ್ದೆ. ಅದೇ ಹೊತ್ತಿಗೆ ಬೆಳಗಾವಿಯ ಹೋಟೆಲಿಗೆ ದುಡ್ಡು ಹೋದ ಮೆಸೇಜು ಅವಳ ಫೋನಿಗೂ ಬಂತು. ಜಾಯಿಂಟ್ ಅಕೌಂಟ್ ಅನ್ನೋದೇ ಮರೆತಿತ್ತು ನನಗೆ.

ಆ ಸಂಬಂಧ ಬಿಟ್ಟೆ. ನಂಬರ್ ಬ್ಲಾಕ್ ಮಾಡಿದೆ, ಕೈಕಾಲು ಹಿಡಿದು ವಿಜಯಪುರಕ್ಕೇ ವರ್ಗ ಮಾಡಿಸಿಕೊಂಡೆ. ಫೋನಿಗೆ ಲಾಕ್ ಇಲ್ಲ, ಲೊಕೇಶನ್ ಸದಾ ಆನ್. ಅವಳೂ ಬಿಟ್ಟು ಹೋಗಿಲ್ಲ. ಆದರೆ ರಾತ್ರಿ ರೊಟ್ಟಿ ಬಡಿಸುತ್ತಾ ಬಡಿಸುತ್ತಾ ಕೈ ನಿಲ್ಲಿಸಿ ಕೇಳುತ್ತಾಳೆ, "ಖರೇ ಹೇಳ್ರಿ, ಆ ದಿನ ಎಲ್ಲಿದ್ರಿ?" ಹೇಳುತ್ತೇನೆ. ನಾಳೆ ಮತ್ತೆ ಅದೇ. ಬೆಳಗಾವಿಯಿಂದ ವಾರವಾರ ತರುತ್ತಿದ್ದ ಕುಂದಾದ (ಅಲ್ಲಿನ ಹಾಲಿನ ಸಿಹಿ) ಕೊನೆಯ ಡಬ್ಬಿ ಇನ್ನೂ ಫ್ರಿಜ್ಜಿನಲ್ಲಿದೆ, ತಿನ್ನೋದೂ ಇಲ್ಲ, ಎಸೆಯೋಕೂ ಬಿಡೋದಿಲ್ಲ. ಇನ್ನೆಷ್ಟು ದಿನ ಅಂತ ಕೇಳೋದು ತಪ್ಪಾ?

ಟಿಳಕವಾಡಿ_ಅಕ್ಕ

ತಪ್ಪೇ ತಮ್ಮಾ. ನಿಮ್ಮ ಹೆಂಡತಿ ಇರುವ ಜಾಗದಲ್ಲಿ ನಾನು ಇದ್ದು ಬಂದವಳು. ಏಳು ತಿಂಗಳು ಅನ್ನೋದು ನಿಮ್ಮ ಲೆಕ್ಕ. ಅವಳಿಗೆ ಹಿಂದಿನ ಹತ್ತು ತಿಂಗಳು ಈಗ ಹೊಸದಾಗಿ ಶುರುವಾಗಿವೆ, ಯುಗಾದಿಗೆ ಸೀರೆ ತಂದಾಗ ಮನಸ್ಸಿನಲ್ಲಿ ಯಾರಿದ್ದರು, ಜ್ವರ ಬಂದ ರಾತ್ರಿ ಫೋನ್ ಯಾಕೆ ಎತ್ತಲಿಲ್ಲ ಅಂತ ಒಂದೊಂದೇ ದಿನ ತೆಗೆದು ನೋಡುತ್ತಾ ಕೂತಿರುತ್ತಾಳೆ. ನಾನಂತೂ ಗೋಡೆಯ ಹಳೇ ಕ್ಯಾಲೆಂಡರ್ ಇಳಿಸಿ, ಹಾಲಿನ ಲೆಕ್ಕ ಬರೆದಿದ್ದ ಮನೆಗಳಲ್ಲೇ ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಇದು ಸುಳ್ಳು, ಇದು ಖರೇ, ಇದು ಗೊತ್ತಿಲ್ಲ. ಗೊತ್ತಿಲ್ಲ ಅನ್ನೋವೇ ಜಾಸ್ತಿ ಇದ್ದವು.

ಇನ್ನೊಂದು. ನಮ್ಮವರು ಆ ಸಂಬಂಧಕ್ಕಿಂತ ಜಾಸ್ತಿ ನೋಯಿಸಿದ್ದು ಕಂತಿನಲ್ಲಿ ಖರೇ ಹೇಳಿ. ಮೊದಲು "ಬರೀ ಮಾತು" ಅಂದರು. ತಿಂಗಳಾದ ಮೇಲೆ "ಎರಡು ಸಲ ಭೇಟಿ ಆಗಿದ್ವಿ". ಮತ್ತೆ ಎರಡು ತಿಂಗಳಿಗೆ ಗೋವಾ ಹೊರಬಿತ್ತು. ಪ್ರತಿ ಸಲವೂ ನಾನು ಮೊದಲ ದಿನಕ್ಕೇ ಹೋಗಿ ಬಿದ್ದೆ. ಈಗ ನೀವು ಹೇಳಿ, ನಿಮ್ಮ ಹತ್ತಿರ ಇನ್ನೂ ಕಂತು ಬಾಕಿ ಇದೆಯಾ?

ಜಮಖಂಡಿ_ಮಾಮಾ

ನಮ್ಮ ಕಡೆ ಇಂಥದ್ದಕ್ಕೆ ಹಿರಿಯರನ್ನು ಕೂಡಿಸುತ್ತಾರೆ. ಎರಡೂ ಮನೆಯವರು ಕೂತು ಮಾತಾಡಿ ಮುಗಿಸಿಬಿಡಿ, ಸುಮ್ನೆ ಎಳೆಯಬೇಡಿ.

ಟಿಳಕವಾಡಿ_ಅಕ್ಕ

ಬೇಡ ಮಾಮಾ. ನಮ್ಮಲ್ಲೂ ಕೂಡಿಸಿದ್ದರು. ಎರಡು ಸಲ ಚಹಾ ಮಾಡಿ ಕೊಟ್ಟವಳು ನಾನೇ. ಕೊನೆಗೆ "ನೀನೂ ಸ್ವಲ್ಪ ಹೊಂದ್ಕೊಂಡು ಹೋಗಬೇಕಿತ್ತವ್ವಾ" ಅಂತ ನನಗೇ ಬುದ್ಧಿ ಹೇಳಿ ಎದ್ದು ಹೋದರು.

ಕಡಕ್_ಚಹಾ (ಬಾಗಲಕೋಟೆ)

ಅಣ್ಣಾ, ನಾನೂ ನಿಮ್ಮ ಪಾರ್ಟಿಯೇ, ನಾಲ್ಕು ವರ್ಷ ಆಯ್ತು. ಫೋನ್ ತೆರೆದಿಟ್ಟರೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಮುಗಿಯೋದಿಲ್ಲ. ಫೋನ್ ನೋಡುವ ಕೆಲಸ ಅವಳ ತಲೆಗೆ ಬಿತ್ತು ಅಷ್ಟೇ, ಹೆಂಡತಿ ಹೋಗಿ ಪೊಲೀಸ್ ಆದಳು. ಸ್ವಲ್ಪ ಸಡಿಲವಾದದ್ದು ಅವಳು ಕೇಳುವ ಮೊದಲೇ ನಾನು ಹೇಳೋಕೆ ಶುರು ಮಾಡಿದಾಗ. ನವನಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಆ ಹುಡುಗಿ ಎದುರಿಗೆ ಬಂದಳು, ಮಾತೂ ಆಡಲಿಲ್ಲ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಬೈದಳು, ಅತ್ತಳು, ಆದರೆ ಆ ರಾತ್ರಿ ಫೋನ್ ಮುಟ್ಟಲಿಲ್ಲ.

ಜಾನ್ ಗಾಟ್‌ಮನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದಾರೆ, ಗಂಡ ಹೆಂಡತಿ ಜಗಳವನ್ನೇ ದಶಕಗಟ್ಟಲೆ ನೋಡಿದವರು. ಮೊದಲು ಪ್ರಾಯಶ್ಚಿತ್ತ, ಆಮೇಲೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳೋದು, ಕೊನೆಗೆ ಹತ್ತಿರ ಆಗೋದು ಅಂತ ಅವರ ಕ್ರಮ. ನಾವು ಗಂಡಸರು ನೇರ ಮೂರನೆಯದಕ್ಕೇ ಹಾರುತ್ತೇವೆ. ಅವರದೇ ಇನ್ನೊಂದು ಮಾತು ನಮಗೆ ಉಪಯೋಗಕ್ಕೆ ಬಂತು: ಯಾರು, ಎಲ್ಲಿ, ಯಾವಾಗ ಅನ್ನೋದನ್ನೆಲ್ಲ ಹೇಳಬೇಕು, ಹಾಸಿಗೆಯ ವಿವರ ಮಾತ್ರ ಬೇಡ, ಅದು ಕಣ್ಣ ಮುಂದೆ ಕೂತುಬಿಡುತ್ತದೆ.

ಅವಳಿಗೆ ನಿದ್ದೆ ಇಲ್ಲ ಅಂದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಎದುರಿಗೆ ಕೂತು ಮಾತಾಡಬೇಕು ಅಂದರೆ ಧಾರವಾಡದ ಡಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆಸ್ಪತ್ರೆ. ನಾವು ಹೋಗಿದ್ದು ಅಲ್ಲಿಗೇ, ನೆಂಟರಿಗೆ ಮದುವೆಗೆ ಹೋಗ್ತಿದ್ದೇವೆ ಅಂತ ಹೇಳಿ (ಆ ಒಂದು ಸುಳ್ಳನ್ನು ಇಬ್ಬರೂ ಸೇರಿ ಹೇಳಿದೆವು).

ಆಮೇಲೆ "ಅವಳೂ ಬಿಟ್ಟು ಹೋಗಿಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ಹಗುರವಾಗಿ ತಗೋಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರದ 497ನೇ ಕಲಂ ತೆಗೆದುಹಾಕಿದ ಮೇಲೆ ಇದಕ್ಕೆ ಜೈಲಿಲ್ಲ ನಿಜ. ವಿಚ್ಛೇದನ ಕೇಳೋಕೆ ಮಾತ್ರ ಇದು ಈಗಲೂ ಕಾರಣವೇ. ಬಾಗಿಲು ತೆರೆದೇ ಇದೆ ಅಂತ ಗೊತ್ತಿದ್ದೂ ಒಳಗೆ ಕೂತಿದ್ದಾರೆ ಅವರು.

ಹೆಸರು_ಬೇಡ (ವಿಜಯಪುರ)

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಕ್ಕಾ, ಬಾಕಿ ಇತ್ತು. ಆ ಕುಂದಾ ತರೋಕೆ ನಾನೂ ಬೆಳಗಾವಿಯ ಆಕೆಯೂ ಸೇರಿಯೇ ಹೋಗುತ್ತಿದ್ದೆವು. ಹೆಂಡತಿ ಒಮ್ಮೆ ಕೇಳಿದಾಗ "ಒಬ್ಬನೇ" ಅಂದಿದ್ದೆ, ಇಷ್ಟು ಸಣ್ಣದನ್ನು ಯಾಕೆ ಹೇಳಲಿ ಅಂತ. ರವಿವಾರ ಹೇಳಿದೆ. ಅವಳಿಗೆ ಮೊದಲೇ ಅನುಮಾನ ಇತ್ತಂತೆ, ಡಬ್ಬಿ ಇಟ್ಟುಕೊಂಡದ್ದೂ ಅದಕ್ಕೇ ಅಂತೆ, ನಾನಾಗಿ ಯಾವಾಗ ಹೇಳ್ತೀನಿ ನೋಡೋಣ ಅಂತ. ಎದ್ದು ಹೋಗಿ ಕುಂದಾ ಸುರಿದು, ಡಬ್ಬಿ ತಿಕ್ಕಿ ಬೋರಲು ಹಾಕಿದಳು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ರೊಟ್ಟಿ ಬಡಿಸುವಾಗ ಬೇರೆಯೇ ಒಂದು ಪ್ರಶ್ನೆ ಕೇಳಿದಳು, ಇಷ್ಟು ದಿನ ಕೇಳಿರದಿದ್ದದ್ದು. ಅದನ್ನು ಇಲ್ಲಿ ಬರೆಯೋದಿಲ್ಲ. ತಾಟು ಪಕ್ಕಕ್ಕೆ ಸರಿಸಿ ಹೇಳಿದೆ.