ಹೈಥಾಬು ಕಾಲದ ಉಣ್ಣೆಯ ನಿಲುವಂಗಿ: ಬಟ್ಟೆ, ಕತ್ತರಿಕೆ, ಹೊಲಿಗೆ

ಪ್ರಶ್ನೆ (ಹ್ಯಾಂಬರ್ಗ್ ವಾಸಿ)

ನಮಸ್ಕಾರ. ಉತ್ತರ ಜರ್ಮನಿಯ ಷ್ಲೆಸ್‌ವಿಗ್ ಪಟ್ಟಣದ ಬಳಿಯಿರುವ ಹೈಥಾಬು ಎಂಬ ವೈಕಿಂಗ್ (ಮಧ್ಯಯುಗದ ಸ್ಕ್ಯಾಂಡಿನೇವಿಯಾದ ಕಡಲಯಾನಿಗಳ) ನೆಲೆಯನ್ನು ನೋಡಿಬಂದ ಮೇಲೆ, 10ನೇ ಶತಮಾನದ ವ್ಯಾಪಾರಿಯೊಬ್ಬ ತೊಟ್ಟಿರಬಹುದಾದಂಥ ಮೊಣಕಾಲುದ್ದದ ನಿಲುವಂಗಿಯನ್ನು ಕೈಯಾರೆ ಹೊಲಿಯಬೇಕೆಂಬ ಆಸೆ ಹುಟ್ಟಿದೆ. ಮಕ್ಕಳಿಗೆ ಜುಬ್ಬ, ಲಂಗ ಹೊಲಿದ ಅನುಭವವಷ್ಟೇ ನನಗಿದೆ. ಸಿದ್ಧ ಉಡುಪಾಗಿ ಸಿಗುವವು ಹೆಚ್ಚಾಗಿ ದಪ್ಪ ಹತ್ತಿಯವು, ಕೊರಳ ಸುತ್ತ ಅಗಲವಾದ ಕಸೂತಿ ಪಟ್ಟಿಯಿರುವಂಥವು. ಅವನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದೇ? ಯಂತ್ರ ಬಳಸಿದರೆ ತಪ್ಪಾಗುತ್ತದೆಯೇ?

ಉತ್ತರ 1 (ಉಣ್ಣೆನೂಲು)

ದಯವಿಟ್ಟು ಹತ್ತಿಯನ್ನು ಬಿಟ್ಟುಬಿಡಿ. ಆ ಸೀಮೆಯ ಜನರ ದಿನಬಳಕೆಯ ಬಟ್ಟೆಗಳು ಉಣ್ಣೆ ಮತ್ತು ಅಗಸೆ ನಾರಿನ ಲಿನನ್. ಹೈಥಾಬುವಿನ ಬಂದರಿನಲ್ಲಿ 1979-80ರಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕಿದ್ದು ಇಡೀ ಉಡುಪುಗಳಲ್ಲ. ಹಳೆಯ ಬಟ್ಟೆಗಳನ್ನು ಹರಿದು, ಹಡಗಿಗೆ ಡಾಂಬರು ಬಳಿಯಲು ಬಳಸಿ ಎಸೆದಿದ್ದ ಚಿಂದಿಗಳು. ಆ ಚಿಂದಿಗಳಲ್ಲಿ ಉಳಿದಿದ್ದ ಹೊಲಿಗೆಯ ಅಂಚು ಮತ್ತು ತೋಳಿನ ತಿರುವುಗಳನ್ನು ಓದಿ, ಇಂಗಾ ಹೇಗ್ ಎಂಬ ವಿದ್ವಾಂಸೆ 1984ರಲ್ಲಿ ಪ್ರಕಟಿಸಿದ ಅಧ್ಯಯನವೇ ಇಂದಿಗೂ ನಮಗೆ ಆಧಾರ. ಆದ್ದರಿಂದ ಕಸೂತಿ ಪಟ್ಟಿಗೆ ಹಾಕುವ ಹಣವನ್ನು ಒಳ್ಳೆಯ ಬಟ್ಟೆಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ವಿಲ್ ಎನ್ನುವ ಓರೆಗೆರೆಯ ನೇಯ್ಗೆಯ, ತೆಳುವಾದರೂ ಬಿಗಿಯಾದ ಅಪ್ಪಟ ಉಣ್ಣೆ, 150 ಸೆಂಟಿಮೀಟರ್ ಪನ್ನದ್ದಾದರೆ ಸುಮಾರು ಮೂರು ಮೀಟರ್ ಸಾಕು. ಕತ್ತರಿಸುವ ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಸಿ ಒಣಗಿಸಿರಿ, ಇಲ್ಲವಾದರೆ ಮೊದಲ ಒಗೆತದಲ್ಲೇ ಅಂಗಿ ಕುಗ್ಗುತ್ತದೆ.

ಜುಬ್ಬ ಹೊಲಿದವರಿಗೆ ಕತ್ತರಿಕೆ ಹೊಸದೆನಿಸುವುದಿಲ್ಲ: ಮುಂದೊಂದು ಹಿಂದೊಂದು ಆಯತ, ಮಣಿಕಟ್ಟಿನ ಕಡೆಗೆ ಕಿರಿದಾಗುವ ತೋಳುಗಳು, ಕಂಕುಳಿಗೆ 12ರಿಂದ 15 ಸೆಂಟಿಮೀಟರಿನ ಚೌಕ, ಸೊಂಟದಿಂದ ಕೆಳಗೆ ಘೇರು ಕೊಡಲು ತ್ರಿಕೋನದ ತುಂಡುಗಳು. ಎದೆಯ ಸುತ್ತಳತೆ 100 ಸೆಂಟಿಮೀಟರ್ ಇದ್ದರೆ ಪ್ರತಿ ಆಯತವನ್ನೂ ಹೊಲಿಗೆಯ ಅಂಚು ಸೇರಿಸಿ 60ರಷ್ಟು ಅಗಲ ಇಟ್ಟುಕೊಳ್ಳಿ. ಒಂದು ಆಯತವನ್ನು ಕರ್ಣದ ಉದ್ದಕ್ಕೆ ಸೀಳಿದರೆ ಎರಡು ತ್ರಿಕೋನಗಳು ಸಿಗುವುದರಿಂದ ಬಟ್ಟೆ ಪೋಲಾಗುವುದೇ ಇಲ್ಲ.

ಉತ್ತರ 2 (ಸೂಜಿದಾರ)

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಇಡಿಯಾದ ಉಡುಪನ್ನೇ ನೋಡಬೇಕೆಂದರೆ, ಉತ್ತರ ನಾರ್ವೆಯ ಆಂಡೊಯಾ ದ್ವೀಪದ ಜೌಗಿನಲ್ಲಿ 1936ರಲ್ಲಿ ದೊರೆತ ಷೋಲ್ಡೆಹಾಮ್ನ್ ಉಡುಪು ಇದೆ. ಅದರ ಮೇಲಂಗಿಯಲ್ಲಿ ಪಕ್ಕಗಳಲ್ಲಷ್ಟೇ ಅಲ್ಲದೆ ಮುಂದೆ ಹಿಂದೆ ನಡುವಿನಲ್ಲೂ ತ್ರಿಕೋನಗಳನ್ನು ಸೇರಿಸಿದ್ದಾರೆ. ಆದರೆ ಅದು ದೂರದ ಪ್ರದೇಶದ್ದು, 11ನೇ ಶತಮಾನದ್ದು ಎಂಬುದನ್ನು ನೆನಪಿಡಿ. ಹೈಥಾಬುವಿನ ವ್ಯಾಪಾರಿ ಅದನ್ನೇ ತೊಟ್ಟಿದ್ದನೆಂದು ಹೇಳಲಾಗದು.

ಯಂತ್ರದ ವಿಷಯ: ಒಳಗೆ ಮರೆಯಾಗುವ ಉದ್ದನೆಯ ಹೊಲಿಗೆಗಳಿಗೆ ಧಾರಾಳವಾಗಿ ಬಳಸಿ. ಕೊರಳು, ತೋಳಿನ ತುದಿ, ಕೆಳ ಅಂಚುಗಳನ್ನು ಮಾತ್ರ ಜೇನುಮೇಣ ಸವರಿದ ಲಿನನ್ ದಾರದಿಂದ ಕೈಯಲ್ಲೇ ಹೆಮ್ಮಿಂಗ್ ಮಾಡಿ. ಅಂಚಿನ ಎಳೆ ಬಿಡದಂತೆ ಯಂತ್ರದಲ್ಲಿ ಸುತ್ತಿ ಹೊಲಿಯುವ ಓವರ್‌ಲಾಕ್ ಬೇಡ, ಒಳಗಿನ ಅಂಚನ್ನು ಒಂದು ಕಡೆಗೆ ಮಡಚಿ ಸಣ್ಣ ಹೊಲಿಗೆಯಿಂದ ಕೂರಿಸಿದರೆ ಬಟ್ಟೆ ಎಳೆ ಬಿಡುವುದಿಲ್ಲ.

ಬಣ್ಣವನ್ನು ನೀವು ಕೇಳದಿದ್ದರೂ ಹೇಳಬೇಕೆನಿಸಿತು. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಉತ್ಖನನದಲ್ಲಿ ಬಣ್ಣಗಾರರು ಬಳಸಿದ ಮ್ಯಾಡರ್ ಮತ್ತು ವೋಡ್ ಗಿಡಗಳ ಅವಶೇಷಗಳೇ ಸಿಕ್ಕಿವೆ. ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ಬಂಧು, ಅದರ ಬೇರಿನಿಂದ ಕೆಂಪು. ವೋಡ್ ಎಲೆಯಿಂದ ಬರುವುದು ನಮ್ಮ ನೀಲಿ ಗಿಡದಲ್ಲಿರುವ ಬಣ್ಣವೇ. ವೈಕಿಂಗರೆಂದರೆ ಕಪ್ಪು, ಕಂದು ಎಂದುಕೊಳ್ಳುವ ಅಗತ್ಯವೇ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ಬೆಡ್‌ಶೀಟಿನಲ್ಲಿ ಮೊದಲು ಹೊಲಿದು ನೋಡಿದೆ. ಮುಂಭಾಗದ ಸೀಳಿಗೆ ಕೂರಿಸಿದ ತ್ರಿಕೋನದ ಮೊನೆಯಲ್ಲಿ ಬಟ್ಟೆ ಸುಕ್ಕುಗಟ್ಟುತ್ತಿದೆ. ಪರಿಹಾರವೇನು?

ಉತ್ತರ 1 (ಉಣ್ಣೆನೂಲು)

ಒಂದೇ ಓಟದಲ್ಲಿ ಮೊನೆಯನ್ನು ಸುತ್ತಿ ಹೊಲಿದಿರಬೇಕು. ಎರಡೂ ಬದಿಗಳನ್ನು ಬೇರೆಬೇರೆಯಾಗಿ, ಮೊನೆಯಿಂದ ಕೆಳಗಿನ ಕಡೆಗೆ ಹೊಲಿಯಿರಿ. ಮೇಲಿನ ಎರಡು ಬೆರಳಿನಷ್ಟು ಭಾಗವನ್ನು ಮೊದಲು ಕಚ್ಚಾ (ಆಮೇಲೆ ಬಿಚ್ಚುವ ಸಡಿಲ ಹೊಲಿಗೆ) ಹಾಕಿ, ಆಮೇಲೆ ಕೈಯಿಂದಲೇ ಮುಗಿಸಿರಿ. ತ್ರಿಕೋನದ ಓರೆ ಅಂಚು ಭಾರಕ್ಕೆ ಜಗ್ಗುವುದರಿಂದ, ಅಂಗಿಯನ್ನು ಒಂದು ರಾತ್ರಿ ನೇತುಹಾಕಿ, ಮರುದಿನ ಕೆಳ ಅಂಚನ್ನು ಸಮನಾಗಿ ಕತ್ತರಿಸಿ ಮಡಚಿರಿ.